ಕೇಳಿದಷ್ಟೂ ಕೊಡಲು ಬಂದ ಗಿರಾಕಿ

ಹಳೆಯ ಮಂಚ, ಕಪಾಟು ಮಾರುವ ಬೀದಿಯಲ್ಲಿ ಆಗಲ್ಲಮ್ಮನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಗಿರಾಕಿ ಯಾವ ಬೆಲೆಗೆ ಕೇಳಿದರೂ ಆಕೆಯ ಬಾಯಿಂದ ಮೊದಲು ಬೀಳುತ್ತಿದ್ದ ಮಾತು “ಆಗಲ್ಲಮ್ಮ”. ಕೇಳಿದವರು ಗಂಡಸರಾದರೆ “ಆಗಲ್ಲಪ್ಪ”. ಬರುವವರಲ್ಲಿ ಹೆಂಗಸರೇ ಹೆಚ್ಚಾದ್ದರಿಂದ ಮೊದಲನೆಯದೇ ಹೆಸರಾಗಿ ನಿಂತಿತು. ಆಕೆಗೂ ಅದರಲ್ಲಿ ಬೇಸರವಿರಲಿಲ್ಲ. ಬಿಟ್ಟಿ ಸಿಕ್ಕ ಬೋರ್ಡು, ಬಣ್ಣ ಬಳಿಸುವ ಖರ್ಚೂ ಇಲ್ಲ.

ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಮಂಚಗಳು ಗೋಡೆಗೆ ಒರಗಿ ನಿಂತಿದ್ದವು, ಕುರ್ಚಿಗಳು ಚಾವಣಿಯಿಂದ ತಲೆಕೆಳಗಾಗಿ ನೇತಾಡುತ್ತಿದ್ದವು, ನಡುವೆ ಒಬ್ಬರು ಅಡ್ಡಡ್ಡವಾಗಿ ಹೋಗುವಷ್ಟು ದಾರಿ. ಆ ದಾರಿಯ ಈ ತುದಿಗೆ ಆಗಲ್ಲಮ್ಮ, ಆ ತುದಿಗೆ ಬಡಗಿಯಾದ ಆಕೆಯ ಗಂಡ. ಮುರಿದದ್ದನ್ನು ಆತ ಕೂಡಿಸುತ್ತಿದ್ದ, ಕೂಡಿಸಿದ್ದನ್ನು ಆಕೆ ಮಾರುತ್ತಿದ್ದಳು. ಒಮ್ಮೆ ಆಕೆ ತಂಗಿಯ ಮನೆಗೆ ಹೋದಾಗ ಆತ ಒಬ್ಬನೇ ಅಂಗಡಿ ನೋಡಿಕೊಂಡ. ಒಂದು ಕನ್ನಡಿ ಮೇಜನ್ನು ಗಿರಾಕಿ ಕೇಳಿದ ಬೆಲೆಗೇ ಕೊಟ್ಟು, ಕನ್ನಡಿಗೆ ಗೀರು ಬಿದ್ದಿದೆಯೆಂದು ತಾನೇ ತೋರಿಸಿ, ಇನ್ನಷ್ಟು ಇಳಿಸಿ, ಗಾಡಿ ಬಾಡಿಗೆಯನ್ನೂ ಕೈಯಿಂದ ಕೊಟ್ಟಿದ್ದ. ಅಂದಿನಿಂದ ಆತನಿಗೆ ಕಟ್ಟಪ್ಪಣೆಯಾಯಿತು: ಗಿರಾಕಿ ಇದ್ದಾಗ ಮುಂದೆ ಬರುವುದಾದರೆ ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಬರಬೇಕು. ನೋಡಿದವರು ಕೆಲಸದ ಮೇಲಿದ್ದಾನೆ ಪಾಪ ಎಂದುಕೊಳ್ಳುತ್ತಿದ್ದರು. ಅದು ಬಾಯಿಗೆ ಹಾಕಿದ ಬೀಗವೆಂದು ಬೀದಿಯವರಿಗೆ ಮಾತ್ರ ಗೊತ್ತಿತ್ತು.

ಆಗಲ್ಲಮ್ಮನ ವ್ಯಾಪಾರದಲ್ಲಿ ಮೋಸವಿರಲಿಲ್ಲ, ಪದ್ಧತಿ ಇತ್ತು. ಆಕೆ ಎರಡರಷ್ಟು ಹೇಳುವಳು. ಗಿರಾಕಿ ಅರ್ಧಕ್ಕಿಂತ ಕಡಿಮೆಗೆ ಕೇಳುವನು. ಇಬ್ಬರೂ ಒಂದಷ್ಟು ಹೊತ್ತು ಒಬ್ಬರನ್ನೊಬ್ಬರು ಕೊಲೆಗಾರರೆಂಬಂತೆ ನೋಡಿ, ನಡುವೆ ಎಲ್ಲೋ ಸಂಧಿಸುವರು. “ಮೊದಲು ಹೇಳೋದು ಬೆಲೆ ಅಲ್ಲ. ಅದು ಮಾತು ಶುರು ಮಾಡೋಕೆ ಕೆಮ್ಮಿದ ಹಾಗೆ” ಎಂಬುದು ಆಕೆಯ ಸಿದ್ಧಾಂತ. ಆದರೆ ಗಿರಾಕಿ ಎಳೆಯದೆ ತಾನಾಗಿಯೇ ಬೆಲೆ ಇಳಿಸಿದ್ದು ಆಕೆಯ ಜನ್ಮದಲ್ಲಿ ಇಲ್ಲ. ಕೇಳದೆ ಇಳಿಸಿದರೆ ಮಾಲಿನಲ್ಲಿ ಏನೋ ಹುಳುಕಿದೆ ಎಂದೇ ಅರ್ಥವಾಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಇಂಥ ಆಗಲ್ಲಮ್ಮನ ಹತ್ತಿರ ಒಂದು ದಿನ ಕಾಲೇಜಿನ ಹುಡುಗರ ದಂಡು ಡಬ್ಬಿ ಹಿಡಿದುಕೊಂಡು ಬಂತು. ಮುಂದಾಳು ಹುಡುಗನ ಕೈಯಲ್ಲೊಂದು ಧ್ವನಿವರ್ಧಕ. ಅವನ ಗಂಟಲಿಗೆ ಅದರ ಅಗತ್ಯವೇನೂ ಇರಲಿಲ್ಲ. ಆಕೆ ನಿಂತ ನಿಲುವಿನಲ್ಲೇ ಅವನಿಗೆ ಮೈಕಣ್ಣ ಎಂದು ಹೆಸರಿಟ್ಟಳು. ಡಬ್ಬಿ ಹಿಡಿದ ಗಂಭೀರ ಹುಡುಗಿ ಖಜಾಂಚಿ. ಊರಂಚಿನ ಅನಾಥ ಮಕ್ಕಳ ಮನೆಯಲ್ಲಿ ಹದಿನೆಂಟು ತುಂಬಿದವರು ಹೊರಗೆ ಹೋಗಲೇಬೇಕು. ಹಾಗೆ ಹೊರಟವರಿಗೆ ಒಂದು ಬಾಡಿಗೆ ಕೋಣೆ, ಒಂದು ಮಂಚ, ಒಂದು ಒಲೆ ಮಾಡಿಕೊಡಲು ಇವರು ಹಣ ಕೂಡಿಸುತ್ತಿದ್ದರು. ಕಾರು ತೊಳೆದಿದ್ದರು, ಹಳೆಯ ಪಠ್ಯಪುಸ್ತಕ ಮಾರಿದ್ದರು. ಅವರ ಲೆಕ್ಕದ ಮೇಷ್ಟ್ರು ಡಬ್ಬಿ ತುಂಬಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆಂದು ತರಗತಿಯಲ್ಲೇ ಪಣ ತೊಟ್ಟಿದ್ದರು. ಆ ಮೀಸೆಯ ಮೇಲೆ ಹಳೆಯ ದ್ವೇಷವಿದ್ದ ವಿದ್ಯಾರ್ಥಿಗಳೆಲ್ಲ ಧಾರಾಳವಾಗಿ ಕೊಟ್ಟಿದ್ದರು.

“ಆಂಟಿ, ನಿಮ್ಮ ಕೈಲಾದಷ್ಟು…” ಎಂದು ಮೈಕಣ್ಣ ಶುರು ಮಾಡಿದ.

“ಆಗಲ್ಲಪ್ಪ.”

“ಎಷ್ಟು ಅಂತ ನಾವಿನ್ನೂ ಹೇಳೇ ಇಲ್ವಲ್ಲ!”

“ಅದಕ್ಕೇ ಈಗಲೇ ಅಂದಿದ್ದು. ಎಷ್ಟು ಅಂತ ಹೇಳಿದ ಮೇಲೆ ಆಗಲ್ಲ ಅಂದ್ರೆ ನಿನಗೂ ಬೇಜಾರು, ನನಗೂ ಬೇಜಾರು. ದುಡ್ಡು ಕೂಡಿದ ಮೇಲೆ ಮಂಚ ಬೇಕಾಗುತ್ತಲ್ಲ, ಆಗ ಬಾ. ಮತ್ತೆ, ಆಂಟಿ ಅನ್ಬೇಡ. ಅಕ್ಕ ಅನ್ನು, ಇಲ್ಲಾಂದ್ರೆ ಬೆಲೆ ಏರುತ್ತೆ.”

ಡಬ್ಬಿ ತುಂಬಿತು. ಲೆಕ್ಕದ ಮೇಷ್ಟ್ರು ಬೋಳು ಮೇಲ್ದುಟಿ ಹೊತ್ತು ಬೀದಿಯಲ್ಲಿ ನಡೆದಾಗ ಅವರ ಹೆಂಡತಿಯೇ ಗುರುತು ಹಿಡಿಯದೆ ಮುಂದೆ ಹೋದರಂತೆ. ಅದಾದ ಮೇಲೆ ಒಂದು ಬೆಳಗ್ಗೆ ಮೈಕಣ್ಣ, ಖಜಾಂಚಿ ಇಬ್ಬರೂ ಒಬ್ಬ ಹುಡುಗಿಯನ್ನು ಕರೆದುಕೊಂಡು ಅಂಗಡಿಗೆ ಬಂದರು. ಮಕ್ಕಳ ಮನೆಯಿಂದ ಹೊರಡುವವರಲ್ಲಿ ಮೊದಲನೆಯವಳು ಇವಳು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂಡಿಸುವ ಕೆಲಸ ಸಿಕ್ಕಿತ್ತು. ತೋಳು ಒಂದಿಷ್ಟು ಉದ್ದವಾದ ಅಂಗಿ ಹಾಕಿಕೊಂಡು, ಎರಡೂ ಕೈ ಜೋಡಿಸಿಕೊಂಡು ನಿಂತಿದ್ದಳು. ಆಗಲ್ಲಮ್ಮ ಒಂದು ಮಂಚ, ಒಂದು ಮೇಜು, ಒಂದು ಸಣ್ಣ ಕಪಾಟು ತೋರಿಸಿ, ಪದ್ಧತಿಯಂತೆ ಎರಡರಷ್ಟು ಹೇಳಿದಳು.

“ಸರಿ ಮೇಡಂ. ತುಂಬಾ ಥ್ಯಾಂಕ್ಸ್” ಎಂದಳು ಹುಡುಗಿ.

ಹಿಂದೆ ಗಂಡನ ಉಜ್ಜುಗೊರಡು ಅರ್ಧಕ್ಕೆ ನಿಂತಿತು.

ಆಗಲ್ಲಮ್ಮನಿಗೆ ಮೆಟ್ಟಿಲಿದೆಯೆಂದು ಕಾಲಿಟ್ಟ ಕಡೆ ಮೆಟ್ಟಿಲೇ ಇಲ್ಲದ ಹಾಗಾಯಿತು. ಇಷ್ಟು ವರ್ಷಗಳಲ್ಲಿ ಬೈದವರುಂಟು, ಅತ್ತವರುಂಟು, ಒಬ್ಬಾಕೆ ಕುರ್ಚಿ ಎತ್ತಿ ಹೊಡೆಯಲು ಬಂದದ್ದೂ ಉಂಟು. ಕೆಮ್ಮಿದ್ದಕ್ಕೆ ದುಡ್ಡು ಕೊಟ್ಟವರು ಯಾರೂ ಇರಲಿಲ್ಲ. ಇದನ್ನು ತೆಗೆದುಕೊಂಡರೆ ಕಳ್ಳತನ. ತಾನೇ ಇಳಿಸೋಣವೆಂದರೆ ನಾಲಗೆ ಏಳುವುದಿಲ್ಲ. ಇರುವುದು ಒಂದೇ ದಾರಿ ಎಂದು ಆಕೆ ತನ್ನ ಮಾಲನ್ನೇ ಬೈಯಲು ಶುರು ಮಾಡಿದಳು.

“ಸರಿಯಾಗಿ ನೋಡಮ್ಮ. ಮಂಚದ ಕಾಲು ಅಲ್ಲಾಡುತ್ತೆ.”

“ಪರವಾಗಿಲ್ಲ ಮೇಡಂ, ಕಾಗದ ಮಡಚಿ ಇಟ್ಕೋತೀನಿ.”

“ಕಪಾಟಿನ ಬಾಗಿಲು ಕಿರ್ ಅನ್ನುತ್ತೆ. ಅಕ್ಕಪಕ್ಕದವರಿಗೆಲ್ಲ ಎಚ್ಚರ ಆಗುತ್ತೆ.”

“ಮೆಲ್ಲಗೆ ತೆಗೀತೀನಿ ಮೇಡಂ.”

“ಈ ಮೇಜು… ಅಯ್ಯೋ, ಈ ಮೇಜನ್ನ ನಾಯೀನೂ ಮೂಸಲ್ಲ!”

“ಚೆನ್ನಾಗಿದೆ ಮೇಡಂ.”

ಮೈಕಣ್ಣನಿಗೆ ತಡೆಯಲಾಗಲಿಲ್ಲ. “ಅಕ್ಕ, ಅವಳು ಒಪ್ಪಿದ್ದಾಳೆ, ನಾವು ದುಡ್ಡು ತಂದಿದ್ದೀವಿ. ನಿಮ್ಮ ಕಷ್ಟ ಏನು?”

“ನನ್ನ ಕಷ್ಟ ನಿನಗೆ ಹೇಗೆ ಗೊತ್ತಾಗಬೇಕು? ಚೌಕಾಸಿ ಮಾಡದೆ ಇರೋರಿಗೆ ನಾನು ಮಾರಲ್ಲ” ಎಂದು ಆಕೆ ಹುಡುಗಿಯತ್ತ ತಿರುಗಿದಳು. “ಅಲ್ಲಮ್ಮ, ಎಲ್ಲಾ ಕಡೆನೂ ಹೀಗೇನಾ ನೀನು? ಕೋಣೆ ಎಲ್ಲಿ ಹಿಡಿದಿದ್ದೀಯ? ಎಷ್ಟಕ್ಕೆ?”

ಕೋಣೆ ಲಾಂಡ್ರಿಯ ಹಿಂದೆ. ಲಾಂಡ್ರಿ ಯಜಮಾನರು ಹೇಳಿದ ಬಾಡಿಗೆ ಹುಡುಗಿಯ ಸಂಬಳದ ಮುಕ್ಕಾಲು ಪಾಲು. ಮುಂಗಡ ಹತ್ತು ತಿಂಗಳದ್ದು. ಸಂಜೆ ಕೊಡುವುದೆಂದು ಮಾತಾಗಿತ್ತು. ಅದನ್ನು ಕೊಟ್ಟು ಈ ಸಾಮಾನೂ ಕೊಂಡರೆ ಡಬ್ಬಿಯ ತಳ ಕಾಣುತ್ತದೆ ಎಂದು ಖಜಾಂಚಿ ಮೆಲ್ಲಗೆ ಒಪ್ಪಿಕೊಂಡಳು. ಇವಳ ಹಿಂದೆ ಇನ್ನಿಬ್ಬರು ಹೊರಡುವವರಿದ್ದರು.

“ಬಾಡಿಗೆ ಕೊಟ್ಟ ಮೇಲೆ ಊಟಕ್ಕೆ?”

“ಹೇಗೋ ಆಗುತ್ತೆ ಮೇಡಂ.”

“ಆಗದಿದ್ರೆ? ವಾಪಸ್ಸು ಆ ಮನೆಗೆ ಸೇರಿಸ್ಕೋತಾರಾ?”

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಲೆಕ್ಕ ಎಲ್ಲರಿಗೂ ಅರ್ಥವಾಗಿತ್ತು. ಈ ಕೋಣೆ ಈ ಬಾಡಿಗೆಗಾದರೆ ಎರಡು ಮೂರು ತಿಂಗಳಲ್ಲಿ ಹುಡುಗಿ ಬೀದಿಗೆ ಬೀಳುತ್ತಾಳೆ. ಊರೆಲ್ಲ ತೊಳೆದ ಕಾರು, ಮೇಷ್ಟ್ರ ಮೀಸೆ, ಎಲ್ಲ ನೀರಲ್ಲಿ ಹೋಮ.

“ಯಾಕಮ್ಮ ಒಂದು ಮಾತೂ ಕೇಳ್ಲಿಲ್ಲ?”

“ಕೊಟ್ಟಿದ್ದನ್ನ ಬೇಡ ಅನ್ನಬಾರದು ಮೇಡಂ” ಎಂದಳು ಹುಡುಗಿ, ಪಾಠ ಒಪ್ಪಿಸುವಂತೆ. “ಬಟ್ಟೆ ಅಳತೆ ಆಗದಿದ್ರೂ ಹಾಕ್ಕೊಂಡು ತೋರಿಸಿ ಥ್ಯಾಂಕ್ಸ್ ಹೇಳ್ಬೇಕು. ನಾನು ಚೆನ್ನಾಗಿ ಹೇಳ್ತಿದ್ದೆ. ಅದಕ್ಕೇ ಯಾರು ಬಂದ್ರೂ ನನ್ನ ಮುಂದಿನ ಸಾಲಲ್ಲೇ ನಿಲ್ಲಿಸ್ತಿದ್ರು.”

ಆಗಲ್ಲಮ್ಮನಿಗೆ ಅಂಗಿಯ ಉದ್ದ ತೋಳು ಕಣ್ಣಿಗೆ ಬಿತ್ತು. ಮರುಕ ಬಂದಾಗ ಆಕೆಗೆ ಸಿಟ್ಟು ಬರುತ್ತಿತ್ತು. ಅದು ಹುಟ್ಟುಗುಣ.

“ರೀ, ಹೊರಗೆ ಬನ್ನಿ. ಮೊಳೆ ಉಗುಳಿ. ಇವತ್ತು ನೀವು ಅಂಗಡಿಯವರು, ಈ ಕುರ್ಚಿ ಈ ಮಗುವಿಗೆ ಮಾರಿ.”

ಗಂಡ ಮೈಮೇಲಿನ ಮರದ ಪುಡಿ ಕೊಡವಿಕೊಳ್ಳುತ್ತ ಬಂದ. ಎಷ್ಟೋ ವರ್ಷಕ್ಕೆ ಸಿಕ್ಕ ಬಡ್ತಿ. ಗಂಟಲು ಸರಿಮಾಡಿಕೊಂಡು, “ಐನೂರು” ಎಂದ. ಹುಡುಗಿ ಬಾಯಿ ತೆರೆಯುವ ಮೊದಲೇ, “ಕಷ್ಟ ಆದ್ರೆ ಮುನ್ನೂರು ಕೊಡು ಮಗಳೇ” ಎಂದ.

“ಥೂ! ಅವಳು ಹೂಂ ಅನ್ನೋಳು, ನೀವು ತಗೋ ಅನ್ನೋರು. ಇಬ್ಬರನ್ನೂ ಒಂದು ಸಂತೆಗೆ ಬಿಟ್ರೆ ಸಂತೆಯೇ ಮುಳುಗುತ್ತೆ. ಹೋಗ್ರಿ ಒಳಗೆ!” ಎಂದು ಆಕೆ ತಾನೇ ಮೇಷ್ಟ್ರಾದಳು. “ನೋಡಮ್ಮ, ಆಗಲ್ಲ ಅನ್ನು. ಅನ್ನು ನೋಡೋಣ.”

“ಆ… ಆಗ… ಸ್ವಲ್ಪ ಆಗಲ್ಲ ಅನ್ಸುತ್ತೆ ಮೇಡಂ. ಸಾರಿ.”

“ಸಾರಿ ಯಾಕೆ? ಸರಿ, ಎದ್ದು ಹೋಗೋ ಹಾಗೆ ಮಾಡು. ಬಾಗಿಲ ತನಕ ಹೋಗು, ತಿರುಗಿ ನೋಡಬಾರದು. ನಾನು ಕೂಗ್ತೀನಿ.”

ಹುಡುಗಿ ಎರಡು ಹೆಜ್ಜೆ ಹೋಗಿ ತಿರುಗಿ, “ನಿಮಗೆ ಬೇಜಾರಾಗ್ಲಿಲ್ಲ ತಾನೇ?” ಎಂದು ಕೇಳಿದಳು.

ಮಧ್ಯಾಹ್ನದವರೆಗೆ ಪಾಠ ನಡೆಯಿತು. ಎದುರಂಗಡಿಯ ಹಾಸಿಗೆ ವ್ಯಾಪಾರಿ ತನ್ನ ಗಿರಾಕಿಗಳನ್ನು ಬಿಟ್ಟು ಬಂದು ನೋಡುತ್ತ ನಿಂತ. “ಅಕ್ಕ, ಗೋಡೆಗಾದ್ರೂ ಹೇಳಿದ್ರೆ ಈ ಹೊತ್ತಿಗೆ ಬಿರುಕು ಬಿಡ್ತಿತ್ತು” ಎಂದು ಕಣ್ಣು ಮಿಟುಕಿಸಿದ. ಮೈಕಣ್ಣ ಒಂದು ಉಪಾಯ ಹೇಳಿದ: “ಅಕ್ಕ, ಸುಮ್ಮನೆ ಲಾಂಡ್ರಿಯವರ ಹತ್ರ ನೀವೇ ಬಂದು ಮಾತಾಡಿಬಿಡಿ. ಒಂದೇ ಏಟಿಗೆ ಮುಗಿಯುತ್ತೆ.”

“ನಾನು ಮಾತಾಡಿದ್ರೆ ಇವತ್ತು ಕೋಣೆ ಸಿಗುತ್ತೆ. ನಾಳೆ ತರಕಾರಿ ಕೊಳ್ಳೋವಾಗ ಯಾರು ಮಾತಾಡ್ತಾರೆ, ನಿನ್ನ ಮೈಕಾ? ಬರ್ತೀನಿ. ನಿಂತ್ಕೋತೀನಿ. ತುಟಿ ಬಿಚ್ಚಲ್ಲ.”

ಗಂಡ ಒಳಗಿನಿಂದ ಬಂದು ಎರಡು ಮೊಳೆಗಳನ್ನು ಆಕೆಯ ಅಂಗೈಯಲ್ಲಿಟ್ಟ. ಆಕೆ ಸುಟ್ಟುಬಿಡುವ ಹಾಗೆ ನೋಡಿದಳು. ಆದರೆ ಮೊಳೆ ವಾಪಸ್ಸು ಕೊಡಲಿಲ್ಲ.

ಲಾಂಡ್ರಿ ಯಜಮಾನರು ಇಸ್ತ್ರಿ ಮಾಡಿದ ಅಂಗಿಯಷ್ಟೇ ಬಿಗಿಯಾದ ಮನುಷ್ಯ. ಕೆಟ್ಟವರಲ್ಲ. ಕೇಳಿದಷ್ಟು ಕೊಡುತ್ತೇನೆ ಎಂದವರಿಗೆ ಬೇಡ ಎನ್ನುವಷ್ಟು ಒಳ್ಳೆಯವರೂ ಅಲ್ಲ. ಊರಲ್ಲಿ ಅಂಥವರೇ ಹೆಚ್ಚು. ಸಂಜೆ ನಾಲ್ವರೂ ಹೋದಾಗ, ಹಿಂದಿನ ಓಣಿಯಲ್ಲಿ ಹಬೆಯ ವಾಸನೆ ದಾಟಿ ಕೋಣೆಯ ಬಾಗಿಲು ತೆಗೆದು, “ಬಂದ್ಯಾಮ್ಮ? ಮೊನ್ನೆನೇ ಒಪ್ಪಿದ್ದೀಯಲ್ಲ, ಮುಂಗಡ ಕೊಟ್ಟು ಬೀಗದ ಕೈ ತಗೊಂಡುಬಿಡು” ಎಂದರು.

ಹುಡುಗಿ ಬಾಯಿ ತೆರೆದಳು. “ಆ…” ಎಂದಳು. ಬೆಳಗ್ಗೆಯಿಂದ ಕಲಿತ ಮಾತು ಅಷ್ಟಕ್ಕೇ ನಿಂತಿತು. “ಹೌದು ಸಾರ್. ಥ್ಯಾಂಕ್ಸ್ ಸಾರ್” ಎಂದುಬಿಟ್ಟಳು.

ಖಜಾಂಚಿಯ ಕೈ ಚೀಲದ ಕಡೆ ಹೋಯಿತು. ಆಗಲ್ಲಮ್ಮ ಮೊಳೆಗಳನ್ನು ತೆಗೆದು ಬಾಯಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಹುಡುಗಿಯ ಕಣ್ಣು ಗೋಡೆಯ ಮೂಲೆಗೆ ಹೋಯಿತು. ಅಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ತೇವ ಏರಿತ್ತು. ಅದನ್ನು ನೋಡಿದ್ದೇ ಅವಳ ಬೆನ್ನು ನೆಟ್ಟಗಾಯಿತು, ಜೋಡಿಸಿದ್ದ ಕೈ ಬಿಡಿಸಿಕೊಂಡಿತು, ಮುಖದಲ್ಲಿ ಅತಿಥಿಗಳನ್ನು ಸ್ವಾಗತಿಸುವ ಒಂದು ನಗು ಬಂದು ಕೂತಿತು.

“ಸಾರ್, ದಯವಿಟ್ಟು ಈ ಕಡೆ ಬನ್ನಿ. ತಲೆ ಜಾಗ್ರತೆ ಸಾರ್, ಬಾಗಿಲು ಸ್ವಲ್ಪ ತಗ್ಗು” ಎಂದಳು, ಅಂಗೈ ಚಾಚಿ ದಾರಿ ತೋರಿಸುತ್ತ. “ಇಲ್ಲಿ ನೋಡಿ, ಇದು ತೇವ. ಈಗ ಬಿಸಿಲಿದೆ, ಅದಕ್ಕೇ ಇಷ್ಟು. ಮಳೆ ಬಂದ್ರೆ ಇಲ್ಲಿವರೆಗೂ ಏರುತ್ತೆ. ಮಲಗೋರಿಗೆ ಎದೆ ಕಟ್ಟುತ್ತೆ ಸಾರ್. ಇದು ಕಿಟಕಿ. ಮುಚ್ಚೋಕೆ ಆಗಲ್ಲ, ಮುಚ್ಚಿದ್ರೆ ತೆಗೆಯೋಕೆ ಆಗಲ್ಲ. ಹೀಗೆ ಬನ್ನಿ ಸಾರ್. ಈ ನಲ್ಲಿ ದಿನವಿಡೀ ತೊಟ್ಟಿಕ್ಕುತ್ತೆ. ಒಂದು ದಿನಕ್ಕೆ ಒಂದು ಬಕೆಟ್ ನೀರು ಪೋಲು ಅಂದ್ರೆ, ವರ್ಷಕ್ಕೆ ಎಷ್ಟಾಗುತ್ತೆ ನೀವೇ ಊಹಿಸಿ.”

ಲಾಂಡ್ರಿ ಯಜಮಾನರು ಅವಳ ಹಿಂದೆ ಹೋದರು. ಕೈಗಳು ತಾವಾಗಿ ಬೆನ್ನ ಹಿಂದೆ ಸೇರಿಕೊಂಡವು. ಉದ್ಘಾಟನೆಗೆ ಬಂದ ಮುಖ್ಯ ಅತಿಥಿಯ ಹಾಗೆ ತಲೆದೂಗುತ್ತ, ತಮ್ಮದೇ ಕೋಣೆಯ ಮೂಲೆ ಮೂಲೆಯನ್ನು ಕುತ್ತಿಗೆ ಚಾಚಿ ನೋಡುತ್ತ, “ಛೆ, ಛೆ, ಹೌದಾ? ಪಾಪ!” ಎನ್ನತೊಡಗಿದರು.

“ನಿಮ್ಮಂಥ ದೊಡ್ಡವರು ಮನಸ್ಸು ಮಾಡಿದ್ರೆ ಇದೆಲ್ಲ ಸರಿಹೋಗುತ್ತೆ ಸಾರ್” ಎಂದು ಹುಡುಗಿ ಮುಗಿಸಿ, ಕೈ ಜೋಡಿಸಿ ನಿಂತಳು.

“ಖಂಡಿತ, ಖಂಡಿತ. ಒಟ್ಟು ಎಷ್ಟು ಬೇಕಾಗಬಹುದು?” ಎಂದು ಯಜಮಾನರು ಜೇಬಿಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಸುತ್ತ ನೋಡಿದರು. ತಾವು ಯಾರು, ಎಲ್ಲಿದ್ದೇವೆ ಎಂಬುದು ಒಂದೊಂದಾಗಿ ನೆನಪಾಯಿತು. “ಅಲ್ಲ… ಇದು ನನ್ನದೇ ಕೋಣೆ ಅಲ್ವಾ?”

ಮೈಕಣ್ಣ ಕೆಮ್ಮುವ ನೆಪದಲ್ಲಿ ಓಣಿಗೆ ಓಡಿದ. ಆಗಲ್ಲಮ್ಮ ನಗಲಾರದೆ, ಮೊಳೆ ನುಂಗಲಾರದೆ, ಗೋಡೆ ಹಿಡಿದು ನಿಂತಳು. ಮಕ್ಕಳ ಮನೆಗೆ ದಾನಿಗಳು ಬಂದಾಗಲೆಲ್ಲ ಅವರನ್ನು ಸುತ್ತಾಡಿಸಿ ಸೋರುವ ಚಾವಣಿ, ಒಡೆದ ಗಾಜು, ಕೆಟ್ಟ ನಲ್ಲಿ ತೋರಿಸುವ ಕೆಲಸ ಈ ಹುಡುಗಿಯದೇ ಆಗಿತ್ತಂತೆ. ಚಿಕ್ಕಂದಿನಿಂದ ಮಾಡಿದ್ದು. ಅವಳು ಸುತ್ತಾಡಿಸಿದ ಮೇಲೆ ಜೇಬಿಗೆ ಕೈ ಹಾಕದೆ ಹೋದವರು ಅಪರೂಪ. ಅದನ್ನು ಖಜಾಂಚಿ ಆಮೇಲೆ ಕೇಳಿ ತಿಳಿದುಕೊಂಡಳು.

ಒಮ್ಮೆ “ಪಾಪ” ಎಂದ ಮನುಷ್ಯ ಮತ್ತೆ ಬಿಗಿಯಾಗುವುದು ಕಷ್ಟ. ಸುಕ್ಕು ಬಿದ್ದ ಮೇಲೆ ಬಿತ್ತು. ಯಜಮಾನರು ನೆತ್ತಿ ಕೆರೆದುಕೊಂಡರು. “ಹೋಗ್ಲಿ ಬಿಡಮ್ಮ. ಬಾಡಿಗೆ ಅರ್ಧ ಮಾಡೋಣ. ಮುಂಗಡ ಮೂರು ತಿಂಗಳದ್ದು ಸಾಕು. ಕಿಟಕಿ, ನಲ್ಲಿ ನಾನು ನೋಡ್ಕೋತೀನಿ. ಆಯ್ತಾ?”

ಹುಡುಗಿಯ ತುಟಿ ‘ಥ್ಯಾಂಕ್ಸ್’ಗೆ ಸಿದ್ಧವಾಗುವುದು ಆಗಲ್ಲಮ್ಮನಿಗೆ ಕಂಡಿತು. ಹೇಳಿದರೂ ಈಗ ನಷ್ಟವೇನಿಲ್ಲ, ವ್ಯಾಪಾರ ಕುದುರಿದೆ. ಆದರೂ ಆಕೆ ಉಸಿರು ಹಿಡಿದಳು. ಹುಡುಗಿ ಬಚ್ಚಲ ಕಡೆ ನೋಡಿದಳು.

“ಸಾರ್, ಬಚ್ಚಲ ಬಾಗಿಲಿಗೆ ಒಳಗಡೆ ಚಿಲಕ ಇಲ್ಲ.”

“ಒಬ್ಬಳೇ ಇರ್ತೀಯಲ್ಲ, ಚಿಲಕ ಯಾಕಮ್ಮ?”

“ಮಕ್ಕಳ ಮನೇಲಿ ನಮ್ಮ ಬಚ್ಚಲಿಗೂ ಇರ್ಲಿಲ್ಲ ಸಾರ್. ಒಳಗೆ ಇದ್ದೀವಿ ಅಂತ ಗೊತ್ತಾಗೋಕೆ ಸ್ನಾನ ಮುಗಿಯೋವರೆಗೂ ಹಾಡು ಹೇಳ್ಬೇಕಿತ್ತು. ಹಾಡು ನಿಂತ್ರೆ ಯಾರಾದ್ರೂ ಬಂದುಬಿಡೋರು. ಜ್ವರ ಬಂದ್ರೂ ಹಾಡು, ಪರೀಕ್ಷೆ ದಿನವೂ ಹಾಡು.” ಸ್ವಲ್ಪ ತಡೆದು ಅವಳು ಮುಂದುವರಿಸಿದಳು. ಈ ಸಲ ಮುಖದಲ್ಲಿ ಆ ಸ್ವಾಗತದ ನಗು ಇರಲಿಲ್ಲ. “ಹಾಡಿ ಹಾಡಿ ಸಾಕಾಗಿದೆ ಸಾರ್. ಚಿಲಕ ಹಾಕಿಸಿ. ಹಾಕಿಸಿದ ಮೇಲೆ ಮುಂಗಡ ಕೊಡ್ತೀನಿ. ಅದಕ್ಕೆ ಮೊದಲು ಕೊಡೋಕೆ ಆಗಲ್ಲ.”

ಮೊಳೆಗಳು ಆಗಲ್ಲಮ್ಮನ ಬಾಯಿಂದ ಜಾರಿ ನೆಲಕ್ಕೆ ಬಿದ್ದವು.

ಚಿಲಕ ಹಾಕಲು ಆಕೆಯ ಗಂಡನೇ ಬಂದ. ಮಂಚ, ಮೇಜು, ಕಪಾಟು ಕೊನೆಗೆ ಎಷ್ಟಕ್ಕೆ ಹೋದವೆಂದು ಬೀದಿಯವರು ಎಷ್ಟು ಕೆದಕಿದರೂ ಆಗಲ್ಲಮ್ಮ ಬಾಯಿ ಬಿಡಲಿಲ್ಲ. “ನಷ್ಟ ಆಗಿಲ್ಲ” ಎಂದಷ್ಟೇ ಹೇಳುತ್ತಿದ್ದಳು. ಲಾಭ ಆಯಿತೆಂದು ಹೇಳಲಿಲ್ಲ ಎಂಬುದನ್ನು ಹಾಸಿಗೆ ವ್ಯಾಪಾರಿ ಗುರುತು ಹಾಕಿಕೊಂಡ. ಸಾಮಾನು ಗಾಡಿಗೇರುವಾಗ ಗಂಡ ಒಂದು ಪುಟ್ಟ ಸ್ಟೂಲನ್ನು ಕಪಾಟಿನ ಹಿಂದೆ ತುರುಕಿದ್ದು ಆಕೆಗೆ ಕಂಡಿತ್ತು. ಆ ಕ್ಷಣಕ್ಕೆ ಸರಿಯಾಗಿ ಆಕೆಗೆ ಆಕಾಶದಲ್ಲಿ ಮೋಡ ನೋಡುವ ಆಸೆಯಾಯಿತು. ಡಬ್ಬಿಯಲ್ಲಿ ಉಳಿದದ್ದು ಮುಂದಿನ ಇಬ್ಬರಿಗೆ ಎಂದು ಖಜಾಂಚಿ ಹೇಳಿದಾಗ ಮಾತ್ರ, “ಅವರನ್ನೂ ಮೊದಲು ನನ್ನ ಅಂಗಡಿಗೆ ಕಳಿಸು. ಕೋಣೆ ನೋಡೋಕೆ ಮುಂಚೆ” ಎಂದಳು.

ಹುಡುಗಿ ಕೋಣೆಗೆ ಬಂದ ದಿನ ಕಾಲೇಜಿನ ದಂಡು ಪೂರ್ತಿ ಹಾಜರಾಗಿತ್ತು. ಆಗಲ್ಲಮ್ಮ, ಆಕೆಯ ಗಂಡ ಇಬ್ಬರೂ ಇದ್ದರು. ಲೆಕ್ಕದ ಮೇಷ್ಟ್ರೂ ಬಂದಿದ್ದರು. ಮೀಸೆ ಆಗ ತಾನೇ ಚಿಗುರುತ್ತಿತ್ತು. ಮೈಕಣ್ಣ ಒಂದು ದೊಡ್ಡ ಹಲಗೆ ಬರೆಸಿಕೊಂಡು ಬಂದಿದ್ದ. ಅದರ ತುಂಬ ಬಣ್ಣದ ಅಕ್ಷರದಲ್ಲಿ ‘ಧನ್ಯವಾದಗಳು’ ಎಂದಿತ್ತು.

“ಇದನ್ನ ಹಿಡ್ಕೊಂಡು ಮಂಚದ ಮೇಲೆ ಕೂತ್ಕೋ. ಒಂದೇ ಒಂದು ಫೋಟೋ. ಸ್ವಲ್ಪ ನಗು.”

ಹುಡುಗಿ ಹಲಗೆಯನ್ನು ನೋಡಿದಳು. ಕೈ ಅರ್ಧ ಮುಂದೆ ಹೋಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡಳು.

“ಫೋಟೋ ಬೇಡ.”

“ಅಯ್ಯೋ, ಯಾಕೆ?”

“ಬೇಜಾರು ಮಾಡ್ಕೋಬೇಡಿ. ನೀವು ಮಾಡಿದ್ದು ನಾನು ಮರೆಯಲ್ಲ. ಎಲ್ಲರಿಗೂ ಚಹಾ ಮಾಡ್ತೀನಿ, ಕೂತ್ಕೊಳ್ಳಿ. ಆದ್ರೆ ಫೋಟೋ ಬೇಡ. ಅಂಥ ಫೋಟೋ ನಂದು ಈಗಾಗ್ಲೇ ತುಂಬಾ ಇದೆ.”

ಮೈಕಣ್ಣ ದಿಕ್ಕು ತೋಚದೆ ಆಗಲ್ಲಮ್ಮನ ಕಡೆ ತಿರುಗಿದ. “ಅಕ್ಕ, ನೀವಾದ್ರೂ ಹೇಳಿ. ಇನ್ನಿಬ್ಬರಿಗೆ ಕೂಡಿಸ್ಬೇಕು. ದುಡ್ಡು ಏನಾಯ್ತು ಅಂತ ಕೊಟ್ಟೋರು ಕೇಳ್ತಾರೆ. ತೋರಿಸೋಕೆ ಏನಾದ್ರೂ ಬೇಡ್ವಾ?”

“ನಾನೇನಪ್ಪ ಹೇಳ್ಲಿ? ಮುಖ ಅವಳದು. ಮಾಲಿನವರು ಕೊಡಲ್ಲ ಅಂದ್ರೆ ಮುಗೀತು.”

“ಮುಖ ಬೇಡ, ಬೆನ್ನು? ಹಿಂದಿನಿಂದ?” ಎಂದು ಮೈಕಣ್ಣ ಹುಡುಗಿಯನ್ನು ಕೇಳಿದ.

“ಇಲ್ಲ.”

“ನೆರಳು? ಗೋಡೆ ಮೇಲೆ ಬೀಳೋ ನೆರಳು?”

ಹುಡುಗಿ ಯೋಚಿಸಿದಳು. ಇನ್ನಿಬ್ಬರ ಮಾತು ಬಂದದ್ದರಿಂದ ಇರಬೇಕು, ಮುಖ ಸ್ವಲ್ಪ ಸಡಿಲವಾಯಿತು. “ಕೈ” ಎಂದಳು. “ಬಾಗಿಲಿಗೆ ಬೀಗ ಹಾಕೋವಾಗ ನನ್ನ ಕೈ. ಅಷ್ಟೇ. ಹಲಗೆ ಬೇಡ.”

“ಆಯ್ತು!” ಎಂದು ಮೈಕಣ್ಣ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂಬಂತೆ ಕ್ಯಾಮೆರಾ ಎತ್ತಿದ. ಎಲ್ಲರೂ ಹೊರಗೆ ಬಂದರು. ಹುಡುಗಿ ಅಂಗಿಯ ತೋಳು ಮಡಚಿ, ಬಾಗಿಲೆಳೆದು, ಬೀಗ ಹಾಕಿದಳು. ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ಎಲ್ಲರಿಗೂ ಚಹಾ ಮಾಡಬೇಕಲ್ಲ ಎಂದು ನಗುತ್ತ ಮತ್ತೆ ತೆಗೆದಳು. ದಂಡು ಒಳಗೆ ನುಗ್ಗಿತು. ಖಜಾಂಚಿ ಹಲಗೆಯನ್ನು ಬೋರಲು ಹಾಕಿ ಅದರ ಮೇಲೆ ಲೋಟ ಜೋಡಿಸತೊಡಗಿದಳು.

ಆಗಲ್ಲಮ್ಮ ಹುಡುಗಿಯ ಭುಜ ಹಿಡಿದು ಪಕ್ಕಕ್ಕೆ ಎಳೆದಳು. ಮೆಚ್ಚಿಕೊಂಡು ನಾಲ್ಕು ಒಳ್ಳೆಯ ಮಾತು ಹೇಳುತ್ತಾಳೆಂದು ಗಂಡ ಕಿವಿ ನಿಮಿರಿಸಿದ.

“ಅಲ್ವೇ ಹುಡುಗಿ, ಒಂದೇ ಸಲಕ್ಕೆ ಇಡೀ ಕೈಗೆ ಒಪ್ಪಿಕೊಂಡುಬಿಟ್ಯಲ್ಲೇ! ಬೆರಳಿಂದ ಶುರು ಮಾಡ್ಬೇಕಿತ್ತು.”